ಮಣೂಕ ಶೆಡ್ಡಿನಿಂದ ನೋಡಿದ ಬೇಸಿಗೆ ಮುನ್ಸೂಚನೆ: ವರುಣ ಮಿತ್ರ, ಮೇಘದೂತ್, ದಾಮಿನಿ

ಫೆಬ್ರವರಿ ಕೊನೆಯಿಂದ ಏಪ್ರಿಲ್ ಮುಗಿಯುವವರೆಗೆ ನಮ್ಮ ಮನೆಯಲ್ಲಿ ಯಾರೂ ಮಧ್ಯಾಹ್ನ ಕಣ್ಣು ಮುಚ್ಚುವುದಿಲ್ಲ. ವಿಜಯಪುರ ಜಿಲ್ಲೆಯ ತಿಕೋಟಾ ತಾಲೂಕಿನಲ್ಲಿ ನಮ್ಮದು ಮೂರು ಎಕರೆ ದ್ರಾಕ್ಷಿ ಪಡ. ಹಣ್ಣನ್ನು ಹಸಿಯಾಗಿ ಮಾರುವುದಿಲ್ಲ, ಒಣಗಿಸಿ ಮಣೂಕ ಮಾಡುತ್ತೇವೆ. ಕೊಯ್ಲು, ಒಣಗಿಸುವುದು, ಆಮೇಲೆ ಏಪ್ರಿಲ್ ಚಾಟ್ನಿ (ಬಳ್ಳಿಯ ಕಡ್ಡಿ ಕತ್ತರಿಸುವುದು), ಮೂರೂ ಈ ಎರಡು ತಿಂಗಳಲ್ಲೇ ಬೀಳುತ್ತವೆ. ಬೇವು ಹೂ ಬಿಡುವ ಹೊತ್ತಿಗೆ ಶೆಡ್ಡಿನ ತುಂಬ ಹಣ್ಣು ಹರಡಿರುತ್ತದೆ. ಅಡ್ಡಮಳೆ ಶುರುವಾಗುವುದೂ ಅದೇ ಹೊತ್ತಿಗೆ.

ಮೂರು ಬೇಸಿಗೆಯಿಂದ ನಾನು ಮಳೆ ಗಾಳಿ ತಿಳಿಯಲು ಮೂರು ಸೇವೆ ಬಳಸುತ್ತಿದ್ದೇನೆ. ವರುಣ ಮಿತ್ರ ಸಹಾಯವಾಣಿ, ಮೇಘದೂತ್ ಆ್ಯಪ್, ಸಿಡಿಲಿಗೆ ದಾಮಿನಿ ಆ್ಯಪ್. ಮೂರೂ ಸರ್ಕಾರದವು, ಬಳಸುವುದಕ್ಕೆ ದುಡ್ಡು ಕೊಡಬೇಕಿಲ್ಲ. ನಕ್ಷತ್ರ ಗುರುತು ಹಾಕಿ ಅಂಕ ಕೊಡಲು ನನಗೆ ಮನಸ್ಸಿಲ್ಲ. ಯಾವುದು ಯಾವ ಕೆಲಸಕ್ಕೆ ಬರುತ್ತದೆ, ಅವರು ಹೇಳುವ ಮಾತನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು ಅಂತ ನನ್ನ ಅನುಭವದಿಂದ ಹೇಳುತ್ತೇನೆ. ನಮ್ಮ ಕಡೆಯ ಎಷ್ಟೋ ಹೆಣ್ಣುಮಕ್ಕಳು ತಾವೇ ಪಡ ನೋಡಿಕೊಳ್ಳುತ್ತಾರೆ. ಅವರಿಗೆ ಇದು ಬೇಕು.

ಮಣೂಕ ಮಾಡುವುದನ್ನು ನೋಡದವರಿಗೆ ಮೊದಲು ಅದನ್ನು ಹೇಳಬೇಕು. ಇಲ್ಲದಿದ್ದರೆ ಐದು ಮಿಲಿಮೀಟರ್ ಮಳೆಗೆ ಇವರೇಕೆ ಇಷ್ಟು ಹೆದರುತ್ತಾರೆ ಅನ್ನಿಸುತ್ತದೆ. ಹಣ್ಣಿನ ಸಿಹಿ 22 ಬ್ರಿಕ್ಸ್ ದಾಟಿದ ಮೇಲೆ ಗೊಂಚಲು ಕೊಯ್ಯುತ್ತೇವೆ. ಕ್ರೇಟಿನಲ್ಲೇ ತೊಳೆದು, ದ್ರಾವಣದಲ್ಲಿ ಮುಳುಗಿಸಿ ತೆಗೆಯುತ್ತೇವೆ. ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಷಿಯಂ ಕಾರ್ಬೊನೇಟ್, 15 ಮಿ.ಲೀ. ಡಿಪ್ಪಿಂಗ್ ಆಯಿಲ್. ಹಣ್ಣಿನ ಮೈಮೇಲೆ ಸಣ್ಣ ಮೇಣದ ಪದರ ಇರುತ್ತದಲ್ವಾ, ಇದು ಅದನ್ನು ಸಡಿಲ ಮಾಡುತ್ತದೆ. ಆಗ ಒಳಗಿನ ನೀರು ಬೇಗ ಹೊರಗೆ ಹೋಗುತ್ತದೆ. ಆಮೇಲೆ ಶೆಡ್ಡಿನಲ್ಲಿ ಒಂದರ ಮೇಲೊಂದು ಕಟ್ಟಿದ ಬಲೆಗಳ ಮೇಲೆ ಹರಡುತ್ತೇವೆ. ನಮ್ಮದು ಒಂಬತ್ತು ಸಾಲು. ಮೇಲೆ ಚಾವಣಿ ಇರುತ್ತದೆ, ಸುತ್ತಲೂ ಗೋಡೆ ಇರುವುದಿಲ್ಲ, ಬರೀ ನೆರಳು ಪರದೆ. ಗಾಳಿ ಆಡಬೇಕು, ಅದಕ್ಕೇ. ಒಣ ಗಾಳಿ ಇದ್ದರೆ ಹದಿನೈದು ಹದಿನಾರು ದಿನಕ್ಕೆ ಮಣೂಕ ತಯಾರು. ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಸಿಗುತ್ತದೆ.

ಏಳನೇ ದಿನ ಒಂದು ಕಾಳು ತೆಗೆದು ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿ ನೋಡಿ. ಸಿಪ್ಪೆ ಸುಕ್ಕಾಗಿರುತ್ತದೆ, ಬಣ್ಣ ತಿಳಿ ಹಸಿರು, ಒಳಗೆ ಮಾತ್ರ ಇನ್ನೂ ಜೇನಿನ ಹಾಗೆ ಅಂಟು. ಬೆರಳು ಬಿಟ್ಟರೆ ಎಳೆ ಬರುತ್ತದೆ. ಈ ಹಂತದಲ್ಲಿ ಒಂದು ಜಡಿಮಳೆ ಓರೆಯಾಗಿ ಹೊಡೆದು, ಮೂರು ದಿನ ಮೋಡ ಕವಿದರೆ ಸಾಕು. ಹಸಿರು ಹೋಗಿ ಕಂದು ಬರುತ್ತದೆ, ಕಂದು ಹೋಗಿ ಕಪ್ಪು. ಮೇಲೆ ಬೂಸರು ಕಟ್ಟುತ್ತದೆ.

ನಾಲ್ಕು ವರ್ಷದ ಹಿಂದೆ ನಮಗೆ ಹಾಗೇ ಆಯಿತು. ಆಗ ನನ್ನ ಫೋನಿನಲ್ಲಿ ಒಂದು ಹವಾಮಾನದ ಆ್ಯಪ್ ಇತ್ತು, ಹೆಸರು ಬೇಡ. ಫೋನ್ ತೆಗೆದರೆ ಸಾಕು, ದುಂಡಗಿನ ಹಳದಿ ಸೂರ್ಯ, ಪಕ್ಕದಲ್ಲಿ 10% ಅಂತ ಮಳೆಯ ಲೆಕ್ಕ. ನಾನು ಆ ಸೂರ್ಯನನ್ನು ನಂಬಿದೆ. ಹತ್ತು ಅಂದರೆ ಇಲ್ಲ ಅಂತಲೇ ಅಂದುಕೊಂಡೆ. ಏಪ್ರಿಲ್ ಮೊದಲ ವಾರ, ಸಂಜೆ ನಾಲ್ಕೂವರೆ. ಮೊದಲು ಧೂಳು ಎದ್ದಿತು. ಪರದೆ ಹಾಯಿಯ ಹಾಗೆ ಉಬ್ಬಿತು. ಗೂಟಕ್ಕೆ ಕಟ್ಟಿದ್ದ ಹಗ್ಗ ಹರಿಯಿತು. ಹಿಂದೆಯೇ ಮಳೆ. ಇಪ್ಪತ್ತೈದು ನಿಮಿಷ ಅಷ್ಟೇ. ಮಳೆಗೆ ಮುಚ್ಚುವ ತಾಡಪತ್ರಿ ಮನೆಯ ಅಟ್ಟದ ಮೇಲಿತ್ತು. ಕೆಳಗಿನ ನಾಲ್ಕು ಸಾಲು ಪೂರ್ತಿ ತೊಯ್ದವು. ಮಾರನೇ ದಿನದಿಂದ ಮೋಡ ಸರಿಯಲಿಲ್ಲ. ಐದನೇ ದಿನ ಶೆಡ್ಡಿಗೆ ಹೋದರೆ ಹಳಸಿದ ಅಂಬಲಿಯ ವಾಸನೆ. ಆ ಲಾಟು ಮಾರುಕಟ್ಟೆಯಲ್ಲಿ ಅರ್ಧ ಬೆಲೆಗೆ ಹೋಯಿತು. ಮಾವನವರು ಒಂದು ಮಾತೂ ಆಡಲಿಲ್ಲ. ಅವರು ಏನಾದರೂ ಬೈದಿದ್ದರೆ ನನಗೆ ಹಗುರ ಆಗುತ್ತಿತ್ತು.

ಆಮೇಲೆ ಪಕ್ಕದ ಪಡದವರು ವರುಣ ಮಿತ್ರದ ನಂಬರ್ ಕೊಟ್ಟರು.

ಇದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ನಡೆಸುವ ಸಹಾಯವಾಣಿ. ಬೆಂಗಳೂರಿನ ಯಲಹಂಕದಲ್ಲಿದೆ. 1988ರಲ್ಲಿ ಬರದ ಮೇಲೆ ಕಣ್ಣಿಡಲು ಅಂತ ಶುರುವಾದ ಸಣ್ಣ ಘಟಕವೇ ಬೆಳೆದು ಈ ಕೇಂದ್ರ ಆಗಿದೆ. ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಅವರದೇ ಮಳೆಮಾಪಕ ಇವೆ. ತಾವಾಗಿಯೇ ಅಳೆದು ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ. ನಿಮ್ಮೂರ ಪಂಚಾಯಿತಿ ಕಚೇರಿ ಹತ್ತಿರ ಬೇಲಿ ಹಾಕಿದ ಜಾಗದಲ್ಲಿ ಕಂಬ, ಡಬ್ಬಿ, ಸೋಲಾರ್ ಪಟ್ಟಿ ನೋಡಿರಬಹುದು. ನಾನು ಎಷ್ಟೋ ವರ್ಷ ಅದನ್ನು ಮೊಬೈಲ್ ಟವರಿನದ್ದು ಅಂತ ತಿಳಿದಿದ್ದೆ.

ಮೊದಲ ಸಲ ಕರೆ ಮಾಡಿದಾಗ ಭಯ ಇತ್ತು. ಇಂಗ್ಲಿಷಿನಲ್ಲಿ ಮಾತಾಡುತ್ತಾರೋ, ಒಂದು ಒತ್ತಿ ಎರಡು ಒತ್ತಿ ಅಂತ ಸುತ್ತಾಡಿಸುತ್ತಾರೋ ಅಂತ. ಒಬ್ಬ ಹುಡುಗ ಕನ್ನಡದಲ್ಲೇ ಮಾತಾಡಿದ. "ಹೇಳಿ ಮೇಡಂ, ಯಾವ ಜಿಲ್ಲೆ, ಯಾವ ತಾಲೂಕು, ಯಾವ ಹೋಬಳಿ?" ಹೋಬಳಿ ಹೇಳಿದೆ. ಯಾವ ಬೆಳೆ ಅಂತ ಕೇಳಿದ. ಮಣೂಕ ಅಂದೆ. ಅವನಿಗೆ ತಿಳಿಯಲಿಲ್ಲ, ಒಣದ್ರಾಕ್ಷಿ ಅಂದಾಗ ತಿಳಿಯಿತು. ಇವತ್ತು, ನಾಳೆ, ನಾಡಿದ್ದು ಮಳೆ ಎಷ್ಟು ಬರುವ ಸಾಧ್ಯತೆ, ಗಾಳಿ ಎಷ್ಟು, ತೇವಾಂಶ ಎಷ್ಟು ಎಲ್ಲ ಹೇಳಿದ. ನಾನು ಬರೆದುಕೊಳ್ಳುತ್ತೇನೆ, ನಿಧಾನ ಹೇಳಪ್ಪಾ ಅಂದೆ. ಇನ್ನೊಮ್ಮೆ ನಿಧಾನ ಹೇಳಿದ. ಅವನ ಹೆಸರು ಕೇಳಲಿಲ್ಲ. ಇದನ್ನು ಓದಿದರೆ ಅವನಿಗೆ ತಿಳಿಯಲಿ, ಆ ನಿಧಾನಕ್ಕೆ ನಾನು ಋಣಿ.

ಈ ಸೇವೆಯಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗ ಆಗಿದ್ದು ನಾಳೆಯ ಮಾತಲ್ಲ, ಇವತ್ತಿನ ಮಾತು. ಮಧ್ಯಾಹ್ನ ಮೂರರ ಹೊತ್ತಿಗೆ ಒಂದು ದಿಕ್ಕಿನಲ್ಲಿ ಮೋಡ ಕಪ್ಪಾಗಿ ಏಳುತ್ತದೆ. ಆ ದಿಕ್ಕಿನ ಹೋಬಳಿಗಳ ಹೆಸರು ಹೇಳಿ, ಅಲ್ಲಿ ಮಳೆ ಬಿದ್ದಿದೆಯಾ, ಎಷ್ಟು ಬಿದ್ದಿದೆ ಅಂತ ಕೇಳುತ್ತೇನೆ. ಅವರ ಮುಂದೆ ಹದಿನೈದು ನಿಮಿಷದ ಲೆಕ್ಕ ಇರುತ್ತದೆ. ಬಬಲೇಶ್ವರ ಕಡೆ ಆಗಲೇ 12 ಮಿ.ಮೀ. ಆಗಿದೆ ಅಂದರೆ ನಾನು ಫೋನ್ ಇಟ್ಟು ಓಡುತ್ತೇನೆ. ಇದು ಭವಿಷ್ಯ ಅಲ್ಲ, ಬಿದ್ದ ಮಳೆ. ಅದರಲ್ಲಿ ಸುಳ್ಳಿಗೆ ಜಾಗ ಇಲ್ಲ. ಹತ್ತು ಸಲದಲ್ಲಿ ನಾಲ್ಕೈದು ಸಲ ಆ ಮಳೆ ನಮ್ಮ ಕಡೆ ಬರುವುದೇ ಇಲ್ಲ. ಬರಲಿ ಬಿಡಲಿ, ಒಂದು ಗಂಟೆ ಮೊದಲು ತಾಡಪತ್ರಿ ಕಟ್ಟಿರುತ್ತೇನೆ. ಮಳೆ ಬರಲಿಲ್ಲ ಅಂದರೆ ಬಿಚ್ಚಿದರಾಯಿತು, ಇಬ್ಬರಿಗೆ ಅರ್ಧ ಗಂಟೆಯ ಕೆಲಸ.

ಕರೆ ಮಾಡುವವರಿಗೆ ಒಂದು ಮಾತು. ನಿಮ್ಮ ಹೋಬಳಿಯ ಹೆಸರು, ಸುತ್ತಲಿನ ನಾಲ್ಕು ಹೋಬಳಿಯ ಹೆಸರು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ. ಗಾಬರಿಯಲ್ಲಿ ನೆನಪಾಗುವುದಿಲ್ಲ. "ಮಳೆ ಬರುತ್ತಾ" ಅಂತ ಕೇಳಬೇಡಿ. "ಸಂಜೆ ಆರರ ಒಳಗೆ ಗಾಳಿ ಮಳೆ ಇದೆಯಾ, ನಾಳೆ ಬೆಳಗಿನ ತೇವಾಂಶ ಎಷ್ಟು" ಅಂತ ಕೇಳಿ. ಕೇಳಿದಷ್ಟೇ ಉತ್ತರ ಸಿಗುವುದು. ಸಹಾಯವಾಣಿ ಹಗಲು ರಾತ್ರಿ ಇರುತ್ತದೆ. ನಾನು ಒಮ್ಮೆ ರಾತ್ರಿ ಎರಡೂವರೆಗೂ ಮಾಡಿದ್ದೇನೆ, ಎತ್ತಿದರು.

ಮೇಘದೂತ್ ಬೇರೆ ಥರದ್ದು. ಇದು 2019ರಲ್ಲಿ ಬಂದ ಆ್ಯಪ್. ಹವಾಮಾನ ಇಲಾಖೆ, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ, ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಸೇರಿ ಮಾಡಿದ್ದು. ಕನ್ನಡ ಆರಿಸಿಕೊಳ್ಳಬಹುದು. ಮಂಗಳವಾರ, ಶುಕ್ರವಾರ ಹೊಸ ಸಲಹೆ ಬರುತ್ತದೆ, ಮುಂದಿನ ಐದು ದಿನದ ಲೆಕ್ಕದ ಜೊತೆ. ನಮ್ಮ ಜಿಲ್ಲೆಯ ಸಲಹೆ ತಯಾರಾಗುವುದು ವಿಜಯಪುರದ ಹತ್ತಿರ ಹಿಟ್ಟಿನಹಳ್ಳಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ. ಅಲ್ಲಿಯವರು ನಮ್ಮ ಕಪ್ಪು ಮಣ್ಣು ತುಳಿದವರು. ಕಡಲೆ ಯಾವಾಗ ಬಂತು, ಜೋಳ ಯಾವಾಗ ಕಟಾವಿಗೆ ಬಂತು ಅವರಿಗೆ ಗೊತ್ತು.

ಈ ಆ್ಯಪಿನಲ್ಲಿ ಜನ ಮಳೆಯ ಸಾಲು ಮಾತ್ರ ನೋಡಿ ಮುಚ್ಚಿಬಿಡುತ್ತಾರೆ. ಮಳೆ ಸೊನ್ನೆ ಇದ್ದರೆ ಖುಷಿ. ಮಣೂಕದವರು ನೋಡಬೇಕಾದ್ದು ಅದರ ಕೆಳಗಿನ ಎರಡು ಸಾಲು, ತೇವಾಂಶ ಮತ್ತು ಮೋಡ. ಮೋಡಕ್ಕೆ 0ರಿಂದ 8ರವರೆಗೆ ಅಂಕಿ ಕೊಡುತ್ತಾರೆ. ಆಕಾಶವನ್ನು ಎಂಟು ಪಾಲು ಮಾಡಿದರೆ ಎಷ್ಟು ಪಾಲು ಮೋಡ ಅಂತ ಅರ್ಥ. ಇದು ಗೊತ್ತಾಗದೆ ನಾನು ಮೊದಲ ವರ್ಷ 6 ಅನ್ನುವುದನ್ನು ನೂರಕ್ಕೆ ಆರು ಅಂತ ಓದಿದ್ದೆ! ನಿಜದಲ್ಲಿ ಅದು ಮುಕ್ಕಾಲು ಆಕಾಶ ಮುಚ್ಚಿದ ಲೆಕ್ಕ.

ಹೋದ ವರ್ಷ ಮಾರ್ಚಿನಲ್ಲಿ ಒಂದು ಮಂಗಳವಾರದ ಸಲಹೆಯಲ್ಲಿ ಐದೂ ದಿನ ಮಳೆ ಸೊನ್ನೆ ಇತ್ತು. ಮೋಡ ಮಾತ್ರ 1, 2, 5, 6, 6 ಅಂತ ಏರುತ್ತಾ ಹೋಗಿತ್ತು. ಬೆಳಗಿನ ತೇವಾಂಶವೂ ಹಾಗೇ ಏರಿತ್ತು. ಅವತ್ತು ಎರಡನೇ ಲಾಟು ಕೊಯ್ಯಲು ಆಳು ಹೇಳಿಟ್ಟಿದ್ದೆ. ಹನ್ನೊಂದು ಜನ. ಎರಡು ತಾಸು ಒದ್ದಾಡಿ, ಕೊನೆಗೆ ಎಲ್ಲರಿಗೂ ಫೋನ್ ಮಾಡಿ ಸೋಮವಾರ ಬನ್ನಿ ಅಂದೆ. ಹಣ್ಣು ಬಳ್ಳಿಯ ಮೇಲೆ ಒಂದು ವಾರ ಕಾಯುತ್ತದೆ, ಬಲೆಯ ಮೇಲೆ ಕಾಯುವುದಿಲ್ಲ. ಗುರುವಾರದಿಂದ ಭಾನುವಾರದವರೆಗೆ ಸೂರ್ಯ ಸರಿಯಾಗಿ ಕಾಣಲಿಲ್ಲ. ಹನಿ ಬೀಳಲಿಲ್ಲ, ಆ ಮಾತು ನಿಜವಾಯಿತು. ಅಷ್ಟರಲ್ಲಿ ಮುಳುಗಿಸಿ ಹರಡಿದ್ದವರ ಕಾಳು ಬಣ್ಣ ಬಿಟ್ಟಿತು. ನಮ್ಮದು ಸೋಮವಾರ ಹರಡಿ, ಒಣ ಗಾಳಿ ಸಿಕ್ಕು, ಹದಿನಾಲ್ಕೇ ದಿನಕ್ಕೆ ಇಳಿಯಿತು. ಆ ಹಸಿರು ಬಣ್ಣ ಅಂಗೈಯಲ್ಲಿ ಹಿಡಿದು ಮಾವನವರಿಗೆ ತೋರಿಸಿದೆ. ಒಂದು ಕಾಳು ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ನನ್ನ ಕೈಗಿಟ್ಟರು.

ಒಂದು ಮಿತಿ ಇದೆ. ಮುನ್ಸೂಚನೆ ಐದು ದಿನದ್ದು, ಒಣಗುವುದಕ್ಕೆ ಬೇಕಾದದ್ದು ಹದಿನೈದು ದಿನ. ಪೂರ್ತಿ ಭರವಸೆ ಯಾರೂ ಕೊಡಲಾರರು. ನಾನು ಮಾಡುವುದಿಷ್ಟೇ: ಮೊದಲ ಐದಾರು ದಿನ ಚೆನ್ನಾಗಿದ್ದರೆ ಹರಡುತ್ತೇನೆ. ಹೆಚ್ಚಿನ ನೀರು ಹೋಗುವುದು ಆಗಲೇ. ಆಮೇಲೆ ತಾಡಪತ್ರಿಯ ಮೇಲೆ ನಂಬಿಕೆ. ಇನ್ನೊಂದು, ಒಂದು ಜಿಲ್ಲೆಗೆ ಒಂದು ಅಂಕಿ ಅಂದರೆ ಅದು ಸರಾಸರಿ. ನಮ್ಮ ಜಿಲ್ಲೆ ಸುಮಾರು ಹತ್ತೂವರೆ ಸಾವಿರ ಚದರ ಕಿಲೋಮೀಟರ್. ಚಡಚಣದಲ್ಲಿ ಗುಡುಗಿದರೆ ಮುದ್ದೇಬಿಹಾಳದಲ್ಲಿ ನೆಲ ಬಿರಿದಿರುತ್ತದೆ. ಅದಕ್ಕೇ ದಿನದ ತೀರ್ಮಾನಕ್ಕೆ ಹೋಬಳಿ ಕೇಳುವುದು, ವಾರದ ತೀರ್ಮಾನಕ್ಕೆ ಮೇಘದೂತ್ ನೋಡುವುದು.

ಈಗ ಭಾಷೆಯ ಮಾತು. ರೇಡಿಯೋ, ಪೇಪರು, ಟಿವಿಯಲ್ಲಿ "ಉತ್ತರ ಒಳನಾಡಿನ ಒಂದೆರಡು ಕಡೆ ಗುಡುಗು ಸಹಿತ ಮಳೆ" ಅಂತ ಬರುತ್ತದಲ್ವಾ. ಬಹಳ ಜನ ಇದನ್ನು ಕೇಳಿ, ಇವರು ಸುಮ್ನೆ ತಪ್ಪಿಸಿಕೊಳ್ಳಲು ಹಾಗೆ ಹೇಳುತ್ತಾರೆ ಅನ್ನುತ್ತಾರೆ. ನಾನೂ ಅಂದಿದ್ದೆ. ಆದರೆ ಆ ಮಾತುಗಳಿಗೆ ಲೆಕ್ಕ ಇದೆ. ಒಂದೆರಡು ಕಡೆ ಅಂದರೆ ಆ ಭಾಗದ ಮಳೆಮಾಪನ ಕೇಂದ್ರಗಳಲ್ಲಿ ನೂರಕ್ಕೆ 25ರವರೆಗೆ. ಕೆಲವು ಕಡೆ ಅಂದರೆ 26ರಿಂದ 50. ಹಲವು ಕಡೆ ಅಂದರೆ 51ರಿಂದ 75. ಬಹುತೇಕ ಕಡೆ ಅಂದರೆ ಅದಕ್ಕೂ ಜಾಸ್ತಿ. ಉತ್ತರ ಒಳನಾಡು ಅಂದರೆ ಬೀದರಿನಿಂದ ಹಾವೇರಿವರೆಗೆ. ಅಷ್ಟು ದೊಡ್ಡ ಬಯಲಿನಲ್ಲಿ ನೂರಕ್ಕೆ ಇಪ್ಪತ್ತು ಕಡೆ ಮಳೆ ಬಿದ್ದು ನಮ್ಮೂರಲ್ಲಿ ಬೀಳದಿದ್ದರೆ ಅವರು ಹೇಳಿದ್ದು ತಪ್ಪಲ್ಲ. "ಒಂದೆರಡು ಕಡೆ" ಇದ್ದದ್ದು ಮಾರನೇ ದಿನ "ಕೆಲವು ಕಡೆ" ಆಯಿತು ಅಂದರೆ ನನಗೆ ಅದು ದೊಡ್ಡ ಸುದ್ದಿ. ಆವತ್ತು ಹೊಸದಾಗಿ ಹಣ್ಣು ಮುಳುಗಿಸುವುದಿಲ್ಲ.

ಬಣ್ಣದ ಎಚ್ಚರಿಕೆಯೂ ಹಾಗೇ. ಹಳದಿ ಅಂದರೆ ಗಮನ ಇರಲಿ, ಕಿತ್ತಳೆ ಅಂದರೆ ತಯಾರಾಗಿ, ಕೆಂಪು ಅಂದರೆ ಕೂಡಲೇ ಕ್ರಮ ತೆಗೆದುಕೊಳ್ಳಿ. ಜನ ಕೆಂಪಿಗೆ ಮಾತ್ರ ಹೆದರುತ್ತಾರೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ "ಭಾರಿ ಮಳೆ" ಶುರುವಾಗುವುದೇ ದಿನಕ್ಕೆ 64.5 ಮಿ.ಮೀ.ನಿಂದ. ನಮ್ಮ ಬಯಲಿನಲ್ಲಿ ವರ್ಷಕ್ಕೆ ಬೀಳುವುದೇ 600 ಮಿ.ಮೀ. ಆಸುಪಾಸು. ಏಪ್ರಿಲ್‌ನಲ್ಲಿ ಒಂದೇ ದಿನ 64 ಬೀಳುವುದು ಅಪರೂಪ. ನನ್ನ ಶೆಡ್ಡಿಗೆ ಐದು ಮಿ.ಮೀ. ಮತ್ತು ಗಂಟೆಗೆ ನಲವತ್ತು ಕಿಲೋಮೀಟರ್ ಗಾಳಿ ಸಾಕು. ಅದು ಅವರ ಪಟ್ಟಿಯಲ್ಲಿ ಬರೀ ಹಳದಿ. ನೀವು ಮಣೂಕದವರಾದರೆ, ಹುಣಸೆ ಒಣ ಹಾಕಿದವರಾದರೆ, ಮೆಣಸಿನಕಾಯಿ ಕಣದಲ್ಲಿ ಹರಡಿದವರಾದರೆ, ಹಳದಿಯನ್ನೇ ಕೆಂಪು ಅಂತ ತಿಳಿಯಿರಿ.

ಈ ಬೇಸಿಗೆ ಮಳೆ ಹಿಡಿತಕ್ಕೆ ಸಿಗದಿರುವುದಕ್ಕೆ ಕಾರಣವೂ ಇದೆ. ಮುಂಗಾರಿನ ಮಳೆ ಸಮುದ್ರದಿಂದ ಹಾದಿ ಹಿಡಿದು ಬರುತ್ತದೆ, ಅದನ್ನು ದೂರದಿಂದಲೇ ಕಾಣಬಹುದು. ಇದು ಇಲ್ಲೇ ಹುಟ್ಟಿ ಇಲ್ಲೇ ಸಾಯುತ್ತದೆ. ಮಾರ್ಚ್ ಏಪ್ರಿಲ್‌ನಲ್ಲಿ ಬಿಸಿಲು 40 ಡಿಗ್ರಿ ದಾಟಿ ನೆಲ ಕಾಯುತ್ತದೆ. ವಾಯುವ್ಯದಿಂದ ಒಣ ಗಾಳಿ ಬರುತ್ತದೆ, ಬಂಗಾಳ ಕೊಲ್ಲಿಯ ಕಡೆಯಿಂದ ಹಸಿ ಗಾಳಿ ಬರುತ್ತದೆ. ಎರಡೂ ಸೇರುವ ಗೆರೆ ಎಷ್ಟೋ ಸಲ ಮರಾಠವಾಡದಿಂದ ನಮ್ಮ ಒಳನಾಡಿನ ಮೇಲೆ ಹಾದು ತೆಂಕಣಕ್ಕೆ ಇಳಿದಿರುತ್ತದೆ. ಆ ಗೆರೆಯ ಹತ್ತಿರ ಮಧ್ಯಾಹ್ನದ ಮೇಲೆ ಮೋಡ ಗೋಪುರದ ಹಾಗೆ ಏಳುತ್ತದೆ, ಹತ್ತು ಕಿಲೋಮೀಟರಿಗೂ ಎತ್ತರ. ಅಷ್ಟು ಮೇಲೆ ನೀರು ಹೆಪ್ಪುಗಟ್ಟಿ ಆಲಿಕಲ್ಲು ಆಗುತ್ತದೆ. ಇಂಥ ಒಂದು ಮೋಡದ ಆಯುಸ್ಸು ಒಂದೆರಡು ಗಂಟೆ. ಅಗಲ ಕೆಲವೇ ಕಿಲೋಮೀಟರ್. ಮಾವನವರು ಹೇಳುತ್ತಾರೆ, "ಎತ್ತಿನ ಒಂದ್ ಕೋಡು ತೊಯ್ದ್ರ ಇನ್ನೊಂದು ಒಣಾನ ಇರ್ತೈತಿ." ಎರಡು ದಿನ ಮೊದಲು ಈ ಭಾಗದಲ್ಲಿ ಹೀಗೆ ಏಳಬಹುದು ಅಂತ ಹೇಳಬಹುದೇ ಹೊರತು, ಯಾರ ಹೊಲದ ಮೇಲೆ ಅಂತ ಯಾರೂ ಹೇಳಲಾರರು.

2014 ಅಂದರೆ ನಮ್ಮ ಕಡೆಯವರ ಎದೆ ಈಗಲೂ ಝಲ್ ಅನ್ನುತ್ತದೆ. ಆಗಿನ್ನೂ ನಮ್ಮ ಜಿಲ್ಲೆಗೆ ಬಿಜಾಪುರ ಅಂತಲೇ ಹೆಸರು, ವಿಜಯಪುರ ಆಗಿದ್ದು ಆ ವರ್ಷ ನವೆಂಬರ್ 1ಕ್ಕೆ. ಫೆಬ್ರವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗೆ ಮಹಾರಾಷ್ಟ್ರ, ಉತ್ತರ ಕರ್ನಾಟಕದ ಬಯಲಿನಲ್ಲಿ ಆಲಿಕಲ್ಲು ಸುರಿಯಿತು. ನಾನು ಆಗ ಈ ಮನೆಗೆ ಬಂದು ಎರಡು ವರ್ಷ. ಸಂಜೆ ಮಳೆ ನಿಂತ ಮೇಲೆ ಅತ್ತೆಯವರ ಜೊತೆ ಪಡಕ್ಕೆ ಹೋದೆ. ಚಪ್ಪರದ ಕೆಳಗೆ ಕಾಲಿಡಲು ಜಾಗ ಇರಲಿಲ್ಲ, ಎಲೆ, ಕಾಳು, ಮಂಜು ಕಲಸಿ ಹೋಗಿತ್ತು. ಬಳ್ಳಿಯ ಸಿಪ್ಪೆಯ ಮೇಲೂ ಗಾಯ. ಅತ್ತೆ ಒಂದು ಒಡೆದ ಗೊಂಚಲನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ದೇವರ ಮುಂದಿಟ್ಟರು. ಏನೂ ಹೇಳಲಿಲ್ಲ. ಆವತ್ತು ನಮ್ಮ ಕೈಯಲ್ಲಿ ಮೇಘದೂತ್ ಇರಲಿಲ್ಲ, ದಾಮಿನಿ ಇರಲಿಲ್ಲ. ಇದ್ದರೂ ಆಲಿಕಲ್ಲು ತಡೆಯಲು ಆಗುತ್ತಿರಲಿಲ್ಲ, ಒಪ್ಪುತ್ತೇನೆ. ಹಣ್ಣಾದ ಒಂದು ಎಕರೆಯನ್ನಾದರೂ ಮೊದಲೇ ಕೊಯ್ದು ಒಳಗೆ ಹಾಕುತ್ತಿದ್ದೆವು.

ಹಿರಿಯರ ಲೆಕ್ಕವನ್ನು ನಾನು ಬಿಟ್ಟಿಲ್ಲ. ಶಿವರಾತ್ರಿಯ ಹೊತ್ತಿಗೆ ಬಬಲಾದಿ ಜಾತ್ರೆಯಲ್ಲಿ ಹೇಳುವ ಭವಿಷ್ಯದ ನುಡಿ ಕೇಳಲು ಮಾವನವರು ತಪ್ಪದೆ ಹೋಗುತ್ತಾರೆ. ಉಗಾದಿ ದಿನ ಗುಡಿಯಲ್ಲಿ ಪಂಚಾಂಗ ಓದಿಸುತ್ತೇವೆ. ಏಪ್ರಿಲ್ ಮಧ್ಯಕ್ಕೆ ಅಶ್ವಿನಿ, ಕೊನೆಗೆ ಭರಣಿ. ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ ಅಂತ ಗಾದೆ. ಜೋಳ, ತೊಗರಿಯವರಿಗೆ ಆ ಮಳೆ ಬೇಕು, ನೆಲ ಹದ ಮಾಡಲು. ಶೆಡ್ಡಿನಲ್ಲಿ ಕೊನೆ ಲಾಟು ಇರುವ ನಮಗೆ ಬೇಡ. ಒಂದೇ ಊರಿನಲ್ಲಿ ಅಣ್ಣ ಮಳೆಗೆ ಹರಕೆ ಹೊತ್ತರೆ ತಮ್ಮ ಬಿಸಿಲಿಗೆ ಹೊರುತ್ತಾನೆ. ಮಾವನವರ ಮೂಗು ಮಾತ್ರ ನನಗೆ ನಾಲ್ಕನೇ ಸೇವೆ. ಬೆಳಿಗ್ಗೆ ಕಟ್ಟೆಯ ಮೇಲೆ ಕೂತು, "ಯವ್ವಾ, ಗಾಳಿ ಮೂಡಲಿಂದ ಬೀಸಾಕತ್ತೈತಿ, ಆ ಬೆಂಗ್ಳೂರಿನವ್ರನ್ನ ಒಮ್ಮೆ ಕೇಳು" ಅನ್ನುತ್ತಾರೆ. ಮೂಡಣ ಗಾಳಿ ಅಂದರೆ ಕೊಲ್ಲಿಯ ಹಸಿ ಗಾಳಿ, ಅದು ಅವರ ಮೈಗೆ ಗೊತ್ತು. ಅವರು ಹೇಳಿದ ದಿನ ನಾನು ಎರಡು ಸಲ ಕರೆ ಮಾಡುತ್ತೇನೆ.

ದಾಮಿನಿ ಬಗ್ಗೆ ಹೇಳುವುದು ಕಡಿಮೆ, ಆದರೆ ಇದನ್ನು ಇವತ್ತೇ ಹಾಕಿಕೊಳ್ಳಿ. ಪುಣೆಯ ಅದೇ ಹವಾಮಾನ ಸಂಸ್ಥೆಯದ್ದು. ನೀವಿರುವ ಜಾಗದ ಸುತ್ತ 20 ಮತ್ತು 40 ಕಿಲೋಮೀಟರ್ ಒಳಗೆ ಸಿಡಿಲು ಬಿದ್ದರೆ ತೋರಿಸುತ್ತದೆ. ನಮ್ಮ ಶೆಡ್ಡಿನಲ್ಲಿ ಕಾಳು ಬಿಡಿಸಲು ಹೆಣ್ಣುಮಕ್ಕಳು ಬರುತ್ತಾರೆ. ಮಳೆ ಶುರುವಾದರೆ ಎಲ್ಲರೂ ತಗಡಿನ ಕೆಳಗೇ ಒತ್ತಾಗಿ ನಿಲ್ಲುತ್ತಿದ್ದರು, ಇಲ್ಲವೇ ಬೇವಿನ ಮರದ ಕೆಳಗೆ. ಗೋಡೆ ಇಲ್ಲದ ಶೆಡ್ಡು ಸಿಡಿಲಿಗೆ ರಕ್ಷಣೆ ಅಲ್ಲ, ಒಂಟಿ ಮರ ಅಂತೂ ಅಲ್ಲವೇ ಅಲ್ಲ. ಈಗ ಫೋನಿನಲ್ಲಿ ಒಳಗಿನ ಸುತ್ತಿನಲ್ಲಿ ಗುರುತು ಕಂಡ ಕೂಡಲೇ ಕೆಲಸ ನಿಲ್ಲಿಸಿ ಎಲ್ಲರನ್ನೂ ಮನೆಗೆ ಕರೆದುಕೊಂಡು ಹೋಗುತ್ತೇನೆ. ಮೊದಮೊದಲು "ಅಕ್ಕಾರ, ಹನಿನೂ ಇಲ್ಲ, ಯಾಕ್ರೀ" ಅನ್ನುತ್ತಿದ್ದರು. ಕೂಲಿ ಕಡಿಯುವುದಿಲ್ಲ ಅಂತ ಹೇಳಿದ ಮೇಲೆ ಬರುತ್ತಾರೆ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಯಾರೂ ಹೊರಗೆ ಕಾಲಿಡುವಂತಿಲ್ಲ. ಆ ಅರ್ಧ ಗಂಟೆ ಚಹಾ, ಚುರುಮುರಿ, ಮಾತು. ಮಣೂಕ ಕೆಟ್ಟರೆ ಮುಂದಿನ ವರ್ಷ ಬೆಳೆಯಬಹುದು.

ಇನ್ನು ಋತುವಿನ ಮುನ್ಸೂಚನೆ. ಫೆಬ್ರವರಿ ಮುಗಿಯುವ ಹೊತ್ತಿಗೆ ಹವಾಮಾನ ಇಲಾಖೆ ಮಾರ್ಚ್‌ನಿಂದ ಮೇವರೆಗಿನ ಅಂದಾಜು ಹೇಳುತ್ತದೆ. ಬಿಸಿಲು ವಾಡಿಕೆಗಿಂತ ಜಾಸ್ತಿಯೋ, ಬಿಸಿಗಾಳಿಯ ದಿನ ಹೆಚ್ಚೋ ಅಂತ. ಇದು ಶೆಡ್ಡಿಗೆ ಉಪಯೋಗ ಇಲ್ಲ. ಬೋರಿನ ನೀರು, ಹನಿ ನೀರಾವರಿ, ಆಳುಗಳ ಕೆಲಸದ ಹೊತ್ತು ಯೋಚಿಸಲು ಉಪಯೋಗ. ಬಿಸಿಲು ಜಾಸ್ತಿ ಅಂತ ಹೇಳಿದ ವರ್ಷ ಕೊಯ್ಲನ್ನು ಬೆಳಿಗ್ಗೆ ಆರಕ್ಕೇ ಶುರು ಮಾಡಿ ಹನ್ನೊಂದಕ್ಕೆ ಮುಗಿಸುತ್ತೇವೆ. ಏಪ್ರಿಲ್‌ನಲ್ಲಿ ಮುಂಗಾರಿನ ಮೊದಲ ಅಂದಾಜು ಬರುತ್ತದೆ. ದೇಶದ ಸರಾಸರಿ 87 ಸೆಂ.ಮೀ., ಅದರ 96ರಿಂದ 104% ಆದರೆ ವಾಡಿಕೆ ಮಳೆ ಅಂತ ಲೆಕ್ಕ.

ಮೇ ತಿಂಗಳ ಮಾತನ್ನು ದ್ರಾಕ್ಷಿಯವರು ಕಿವಿಗೊಟ್ಟು ಕೇಳಬೇಕು. ಏಪ್ರಿಲ್ ಚಾಟ್ನಿ ಆಗಿ ನಲವತ್ತು ಐವತ್ತು ದಿನಕ್ಕೆ ಹೊಸ ಕಡ್ಡಿಯ ಕಣ್ಣಿನೊಳಗೆ, ಅಂದರೆ ಮೊಗ್ಗಿನೊಳಗೆ, ಮುಂದಿನ ವರ್ಷದ ಗೊಂಚಲು ಕಟ್ಟುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಚೆನ್ನಾಗಿ ಬಿಸಿಲು ಬೇಕು. 2025ರಲ್ಲಿ ಮುಂಗಾರು ಕೇರಳಕ್ಕೆ ಮೇ 27ಕ್ಕೆ, ನಾಲ್ಕು ದಿನ ಹಿಂದೆ ಮುಂದೆ, ಅಂತ ಹೇಳಿದ್ದರು. 24ಕ್ಕೇ ಬಂತು, ಹೇಳಿದ ಅಳತೆಯ ಒಳಗೇ. 2009ರ ನಂತರ ಅಷ್ಟು ಬೇಗ ಬಂದಿದ್ದು ಅದೇ ಮೊದಲು. ಅದಕ್ಕೂ ಮೊದಲೇ ಮೇ ತಿಂಗಳ ಮಳೆ ರಾಜ್ಯದಲ್ಲೆಲ್ಲ ಜೋರಿತ್ತು. ನಮ್ಮ ಬಳ್ಳಿ ಹಸಿರಾಗಿ ಎದೆಯುದ್ದ ಬೆಳೆಯಿತು, ನೋಡಲು ಚಂದ. ಅಕ್ಟೋಬರ್ ಚಾಟ್ನಿ ಮಾಡಿದ ಮೇಲೆ ಎಷ್ಟೋ ಕಡ್ಡಿಗಳಲ್ಲಿ ಗೊಂಚಲೇ ಇರಲಿಲ್ಲ. ಅದಕ್ಕೇ ಈ ಸಲ ಮಾರ್ಚ್‌ನಲ್ಲೇ ಅರ್ಧ ಪಡದ ಕೊಯ್ಲು ಮುಗಿಸಿ, ಅಷ್ಟಕ್ಕೆ ಚಾಟ್ನಿಯನ್ನೂ ಹದಿನೈದು ದಿನ ಮೊದಲೇ ಮಾಡಿದ್ದೇವೆ. ಮೋಡ ಕವಿಯುವ ಮೊದಲು ಆ ಕಣ್ಣುಗಳಿಗೆ ಬಿಸಿಲು ಸಿಗಲಿ ಅಂತ.

ಇದನ್ನು ಬರೆಯುವಾಗ ಕೊನೆಯ ಲಾಟಿಗೆ ಹನ್ನೊಂದನೇ ದಿನ. ಬೆಳಿಗ್ಗೆ ಕಾಳು ಒತ್ತಿ ನೋಡಿದೆ, ಎಳೆ ಬರುವುದು ನಿಂತಿದೆ. ಇವತ್ತಿನ ಮೇಘದೂತಿನಲ್ಲಿ ಮೋಡ 3, ನಾಳೆ 4. ವರುಣ ಮಿತ್ರದವರು ಸಂಜೆಯವರೆಗೆ ನಮ್ಮ ಹೋಬಳಿಗೆ ಏನಿಲ್ಲ ಅಂದರು, ಇಂಡಿ ಕಡೆ ಮಾತ್ರ ಗುಡುಗು ಇರಬಹುದು ಅಂದರು. ಗಾಳಿ ಪಡುವಣದಿಂದಲೇ ಇದೆ. ತಾಡಪತ್ರಿ ಶೆಡ್ಡಿನ ಕಂಬಕ್ಕೇ ಸುತ್ತಿಟ್ಟಿದ್ದೇನೆ, ಹಗ್ಗ ಹೊಸದು. ಮೂರು ಗಂಟೆಗೆ ಇನ್ನೊಂದು ಕರೆ ಮಾಡಬೇಕು.